ಟಿಸಿ ಸುಡೋದಕ್ಕೆ ಅಲ್ಯೂಮಿನಿಯಂ ಕಾರಣವಾ? ರಾಯಚೂರಿನ ಬಿಸಿಲು, ಲೇಹ್‌ನ ಚಳಿ ಮತ್ತು ಎರಡು ಲೋಹಗಳ ಲೆಕ್ಕ

ಬೇಸಿಗೆ ಬಂತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಪುಟಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಟಿಸಿ (ಊರಿಗೂ ಹೊಲದ ಪಂಪ್‌ಗಳಿಗೂ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್) ಸುಟ್ಟಿದೆ, ಬೆಳೆ ಬಾಡುತ್ತಿದೆ, ರೈತರು ವಿದ್ಯುತ್ ಕಚೇರಿ ಮುಂದೆ ಕೂತಿದ್ದಾರೆ. ಇನ್ನೊಂದು ಕಡೆ ವಾಣಿಜ್ಯ ಪುಟದಲ್ಲಿ ತಾಮ್ರದ ಬೆಲೆಯ ಸುದ್ದಿ. 2024ರ ಮೇ ತಿಂಗಳಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 11,000 ಡಾಲರ್ ದಾಟಿತು. ಅದೇ ಹೊತ್ತಿಗೆ ಅಲ್ಯೂಮಿನಿಯಂ ಬೆಲೆ ಅದರ ಕಾಲು ಭಾಗದ ಆಸುಪಾಸಿನಲ್ಲಿತ್ತು.

ಓದುಗರು ಈ ಎರಡು ಸುದ್ದಿಗಳನ್ನು ಸೇರಿಸಿ ನೋಡುತ್ತಾರೆ. ತಾಮ್ರ ದುಬಾರಿ ಅಂತ ಟಿಸಿ ಒಳಗೆ ಅಲ್ಯೂಮಿನಿಯಂ ತಂತಿ ಸುತ್ತುತ್ತಾರೆ, ಅದಕ್ಕೇ ಸುಡುತ್ತೆ ಅನ್ನೋದು ಊರೂರಲ್ಲಿ ಕೇಳುವ ಮಾತು. ಹಿಮ ಬೀಳುವ ದೇಶಗಳಲ್ಲಿ ಅಲ್ಯೂಮಿನಿಯಂ ಟಿಸಿಗಳು ದಶಕಗಟ್ಟಲೆ ಓಡುತ್ತಿವೆಯಲ್ಲ ಅಂತ ಕೆಲವರು ಉತ್ತರ ಕೊಡುತ್ತಾರೆ. ಆಗ ಮೂರನೇ ಮಾತು ಹುಟ್ಟುತ್ತದೆ: ಅಲ್ಲಿ ಚಳಿ, ಅಲ್ಯೂಮಿನಿಯಂ ನಡೆಯುತ್ತೆ. ಇಲ್ಲಿ ಬಿಸಿಲು, ತಾಮ್ರವೇ ಬೇಕು.

ಈ ಮೂರನೇ ಮಾತು ಕೇಳೋಕೆ ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಮಾತ್ರ ನಿಲ್ಲುವುದಿಲ್ಲ.

ಡಬ್ಬಿ ಒಳಗೆ ಏನಿದೆ

ಹೊಲದ ಬದುವಿನ ಕಂಬದ ಮೇಲಿರುವ ಟಿಸಿ 11,000 ವೋಲ್ಟ್ ತೆಗೆದುಕೊಂಡು 433 ವೋಲ್ಟ್ ಕೊಡುತ್ತದೆ. ಒಳಗೆ ಉಕ್ಕಿನ ಹಾಳೆಗಳ ತಿರುಳು ಇರುತ್ತದೆ. ಅದರ ಸುತ್ತ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಮತ್ತು ಎಲ್‌ಟಿ (ಕಡಿಮೆ ವೋಲ್ಟೇಜಿನ) ಕಾಯಿಲ್‌ಗಳು, ಅಂದರೆ ತಂತಿಯ ಸುರುಳಿಗಳು. ತಂತಿಗೆ ಕಾಗದದ ಹೊದಿಕೆ, ಎಲ್ಲವೂ ಎಣ್ಣೆಯಲ್ಲಿ ಮುಳುಗಿರುತ್ತದೆ. ಕರೆಂಟ್ ಹರಿದಾಗ ಕಾಯಿಲ್ ಬಿಸಿಯಾಗುತ್ತದೆ. ಎಣ್ಣೆ ಆ ಬಿಸಿ ಹೊತ್ತು ಮೇಲೆ ಬರುತ್ತದೆ, ಡಬ್ಬಿಯ ಗೋಡೆ ಮತ್ತು ಕೊಳವೆಗಳ ಮೂಲಕ ಗಾಳಿಗೆ ಬಿಡುತ್ತದೆ, ತಣ್ಣಗಾಗಿ ಕೆಳಗಿಳಿಯುತ್ತದೆ. ಫ್ಯಾನ್ ಇಲ್ಲ, ಪಂಪ್ ಇಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಹೊರಗಿನ ಗಾಳಿಯ ಮೇಲೆ.

ಟಿಸಿ ಸಾಯುವಾಗ ಬಹಳ ಸಲ ಮೊದಲು ಸೋಲುವುದು ಈ ಕಾಗದ. ಬಿಸಿಗೆ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ. ಆಮೇಲೆ ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗುತ್ತವೆ, ಶಾರ್ಟ್ ಆಗುತ್ತದೆ. ಸಾಮಾನ್ಯ ಕಾಗದಕ್ಕೆ ಎಂಜಿನಿಯರ್‌ಗಳು ಇಟ್ಟುಕೊಂಡ ಲೆಕ್ಕ ಹೀಗಿದೆ: ಕಾಯಿಲ್‌ನ ಅತಿ ಬಿಸಿ ಜಾಗ 98 ಡಿಗ್ರಿ ಇದ್ದರೆ ಕಾಗದ ಸಹಜ ವೇಗದಲ್ಲಿ ಸವೆಯುತ್ತದೆ. ಅಲ್ಲಿಂದ ಮೇಲೆ ಪ್ರತಿ 6 ಡಿಗ್ರಿಗೆ ಸವೆತ ಎರಡು ಪಟ್ಟು. ಅಂದರೆ 110 ಡಿಗ್ರಿಯಲ್ಲಿ ನಾಲ್ಕು ಪಟ್ಟು, 116ರಲ್ಲಿ ಎಂಟು ಪಟ್ಟು. ಮುಂದೆ ಬರುವ ವಾದವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಎರಡು ಲೋಹಗಳು, ಒಂದೇ ಕೆಲಸ

ತಾಮ್ರ ಒಳ್ಳೆಯ ವಾಹಕ. ಅಲ್ಯೂಮಿನಿಯಂ ಅದರ ಸುಮಾರು 61 ಶೇಕಡಾ ಮಾತ್ರ. ಹಾಗಾಗಿ ತಾಮ್ರದಷ್ಟೇ ಕರೆಂಟನ್ನು ಅಷ್ಟೇ ನಷ್ಟದಲ್ಲಿ (ಬಿಸಿಯಾಗಿ ಪೋಲಾಗುವ ವಿದ್ಯುತ್ತು) ಹರಿಸಬೇಕಾದರೆ ಅಲ್ಯೂಮಿನಿಯಂ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ 1.6 ಪಟ್ಟು ಇರಬೇಕು. ಆದರೆ ಅದು ಬಹಳ ಹಗುರ ಲೋಹ. ಅಷ್ಟು ದಪ್ಪ ಮಾಡಿದ ಮೇಲೂ ತೂಕ ತಾಮ್ರದ ಅರ್ಧ. ಅರ್ಧ ತೂಕ, ಕಾಲು ಬೆಲೆ. ಕಾಯಿಲ್ ಲೋಹದ ಖರ್ಚು ಎಂಟನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ.

ಇದರಲ್ಲಿ ಒಂದಷ್ಟು ಉಳಿತಾಯ ವಾಪಸ್ ಹೋಗುತ್ತದೆ. ಕಾಯಿಲ್ ದಪ್ಪ ಆದಾಗ ತಿರುಳು ದೊಡ್ಡದಾಗಬೇಕು, ಡಬ್ಬಿ ದೊಡ್ಡದಾಗಬೇಕು, ಎಣ್ಣೆ ಜಾಸ್ತಿ ಬೇಕು. ಸಣ್ಣ ಟಿಸಿಗಳಲ್ಲಿ ಇಷ್ಟಾದರೂ ಅಲ್ಯೂಮಿನಿಯಂ ಅಗ್ಗವೇ. ದೊಡ್ಡ ಪವರ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಜಾಗ, ಸಾಗಣೆ ಮತ್ತು ಶಾರ್ಟ್ ಸರ್ಕ್ಯೂಟ್ ಹೊಡೆತ ಮುಖ್ಯವಾಗುವುದರಿಂದ ಅಲ್ಲಿ ತಾಮ್ರದ್ದೇ ರಾಜ್ಯ. ದೇಶದ ಅನೇಕ ವಿತರಣಾ ಕಂಪನಿಗಳು 25, 63, 100 ಕೆವಿಎ (ಟಿಸಿ ಎಷ್ಟು ಲೋಡ್ ಹೊರಬಲ್ಲದು ಅನ್ನುವ ಅಳತೆ) ಟಿಸಿಗಳಿಗೆ ಅಲ್ಯೂಮಿನಿಯಂ ಒಪ್ಪುವುದು ಇದೇ ಕಾರಣಕ್ಕೆ.

ಇನ್ನೂ ಎರಡು ಸಂಗತಿ ಇವೆ. ನಮ್ಮಲ್ಲಿ ಬಾಕ್ಸೈಟ್ ಇದೆ, ಅಲ್ಯೂಮಿನಿಯಂ ಧಾರಾಳ. ತಾಮ್ರದ ಅದಿರು ಹೆಚ್ಚಾಗಿ ಹೊರಗಿನಿಂದ ಬರಬೇಕು. 2018ರಲ್ಲಿ ತೂತ್ತುಕುಡಿಯ ತಾಮ್ರ ಘಟಕ ಮುಚ್ಚಿದ ಮೇಲೆ ಭಾರತ ಸಂಸ್ಕರಿಸಿದ ತಾಮ್ರವನ್ನೂ ಹೆಚ್ಚು ಆಮದು ಮಾಡಿಕೊಳ್ಳುವ ದೇಶವಾಯಿತು. ಇನ್ನೊಂದು ಕಳ್ಳತನ. ಊರಾಚೆ ಹೊಲದಲ್ಲಿ ನಿಂತ ಟಿಸಿಯ ಎಣ್ಣೆ ಚೆಲ್ಲಿ ಕಾಯಿಲ್ ಕಿತ್ತುಕೊಂಡು ಹೋಗುವವರು ಹುಡುಕುವುದು ಗುಜರಿಯಲ್ಲಿ ಒಳ್ಳೆ ಬೆಲೆ ಸಿಗುವ ತಾಮ್ರವನ್ನು. ಕಳ್ಳತನ ಆದ ಟಿಸಿಯೂ ರೈತನ ಪಾಲಿಗೆ ಸುಟ್ಟ ಟಿಸಿಯೇ. ನೀರು ನಿಲ್ಲುವುದು ಎರಡರಲ್ಲೂ ಒಂದೇ.

ಚಳಿ ಯಾವ ಲೋಹದ ಪರ?

ಈಗ ಆ ಮೂರನೇ ಮಾತಿಗೆ ಬರೋಣ. ಭಾರತೀಯ ಮಾನಕ ಐಎಸ್ 1180ರ 2014ರ ಆವೃತ್ತಿ ಹೊರಾಂಗಣ ಟಿಸಿಗಳಿಗೆ ಒಂದು ಮಿತಿ ಹಾಕಿದೆ. ಪೂರ್ಣ ಲೋಡಿನಲ್ಲಿ ಕಾಯಿಲ್‌ನ ಸರಾಸರಿ ಬಿಸಿ ಸುತ್ತಲಿನ ಗಾಳಿಗಿಂತ 40 ಡಿಗ್ರಿಗಿಂತ ಜಾಸ್ತಿ ಏರಬಾರದು. ಮೇಲಿನ ಎಣ್ಣೆಗೆ ಈ ಮಿತಿ 35 ಡಿಗ್ರಿ. ತಂಪು ದೇಶಗಳೂ ಬಳಸುವ ಅಂತರರಾಷ್ಟ್ರೀಯ ಮಾನಕದಲ್ಲಿ ಇವು 65 ಮತ್ತು 60. ನಮ್ಮ ಬಿಸಿಲಿಗಾಗಿಯೇ ನಮ್ಮ ಮಿತಿಯನ್ನು ಬಿಗಿ ಮಾಡಲಾಗಿದೆ.

ಒಂದೇ ಥರದ ಎರಡು ಟಿಸಿ ತೆಗೆದುಕೊಳ್ಳಿ. ಒಂದು ಲೇಹ್‌ನಲ್ಲಿ, ಜನವರಿ ರಾತ್ರಿ, ಮೈನಸ್ 20 ಡಿಗ್ರಿ. ಇನ್ನೊಂದು ರಾಯಚೂರಿನಲ್ಲಿ, ಮೇ ಮಧ್ಯಾಹ್ನ, 43 ಡಿಗ್ರಿ. ಎರಡೂ ಗಾಳಿಗಿಂತ 40 ಡಿಗ್ರಿ ಮೇಲೇರಿದರೆ ಲೇಹ್‌ನ ಕಾಯಿಲ್ 20 ಡಿಗ್ರಿಯಲ್ಲಿ ಇರುತ್ತದೆ, ರಾಯಚೂರಿನದು 83ರಲ್ಲಿ.

ಲೋಹ ಬಿಸಿಯಾದಂತೆ ಅದರ ಪ್ರತಿರೋಧ ಏರುತ್ತದೆ, ನಷ್ಟವೂ ಏರುತ್ತದೆ. 20ರಿಂದ 83 ಡಿಗ್ರಿಗೆ ಹೋದಾಗ ತಾಮ್ರದ ಪ್ರತಿರೋಧ ಸುಮಾರು 25 ಶೇಕಡಾ ಜಾಸ್ತಿ ಆಗುತ್ತದೆ. ಅಲ್ಯೂಮಿನಿಯಂನದು ಸುಮಾರು 26 ಶೇಕಡಾ. ವ್ಯತ್ಯಾಸ ಒಂದು ಶೇಕಡಾ ಅಷ್ಟೇ! ಚಳಿ ಎರಡೂ ಲೋಹಗಳಿಗೆ ಒಂದೇ ಥರ ಅನುಕೂಲ ಮಾಡುತ್ತದೆ, ಬಿಸಿಲು ಎರಡಕ್ಕೂ ಒಂದೇ ಥರ ಕಷ್ಟ ಕೊಡುತ್ತದೆ. ಕಾಗದಕ್ಕಂತೂ ತನ್ನೊಳಗೆ ಇರುವುದು ಯಾವ ಲೋಹ ಅನ್ನುವುದು ಗೊತ್ತೇ ಆಗುವುದಿಲ್ಲ. ಅದಕ್ಕೆ ತಟ್ಟುವುದು ಡಿಗ್ರಿ ಮಾತ್ರ.

ಹಾಗಾದರೆ ಚಳಿ ಪ್ರದೇಶಕ್ಕೆ ಟಿಸಿ ಆರಿಸುವಾಗ ಏನು ನೋಡುತ್ತಾರೆ? ಮೊದಲು ಎಣ್ಣೆ. ಖನಿಜ ಎಣ್ಣೆ ತೀರಾ ಚಳಿಗೆ ಮಾಗಿಯ ಕೊಬ್ಬರಿ ಎಣ್ಣೆಯ ಹಾಗೆ ದಪ್ಪಗಾಗುತ್ತದೆ. ಆಗ ಅದು ಕಾಯಿಲ್ ಸುತ್ತ ಸರಿಯಾಗಿ ಹರಿಯುವುದಿಲ್ಲ. ಹೊರಗೆ ಹಿಮ ಇದ್ದರೂ ಕಾಯಿಲ್‌ನ ಒಳಗೆ ಒಂದು ಜಾಗ ಕಾದು ಕೂರಬಹುದು. ನಮ್ಮ ಹಳೆಯ ಎಣ್ಣೆ ಮಾನಕ ಐಎಸ್ 335ರ 1993ರ ಆವೃತ್ತಿಯಲ್ಲಿ ಎಣ್ಣೆ ಮೈನಸ್ 6 ಡಿಗ್ರಿವರೆಗೆ ಹರಿದರೆ ಸಾಕಿತ್ತು. ಸಿಂಧನೂರಿಗೆ ಅದು ಧಾರಾಳ, ಲಡಾಖ್‌ಗೆ ಯಾವ ಮೂಲೆಗೂ ಸಾಲದು. ಅಂತರರಾಷ್ಟ್ರೀಯ ಮಾನಕ ಮೈನಸ್ 30 ಡಿಗ್ರಿಯಲ್ಲೂ ಟಿಸಿ ಚಾಲೂ ಮಾಡಬಹುದಾದ ಎಣ್ಣೆಯ ಲೆಕ್ಕ ಇಟ್ಟುಕೊಳ್ಳುತ್ತದೆ. ಎರಡನೆಯದು ತೇವ. ಬಿಸಿ ಎಣ್ಣೆ ಹಿಡಿದಿಟ್ಟುಕೊಳ್ಳುವ ನೀರನ್ನು ತಣ್ಣನೆಯ ಎಣ್ಣೆ ಹಿಡಿದಿಡಲಾರದು. ಅದು ಹನಿಯಾಗಿ ಬೇರೆಯಾಗುತ್ತದೆ. ಹೊತ್ತುಗಟ್ಟಲೆ ಬಂದ್ ಇದ್ದು ತಣ್ಣಗಾದ ಟಿಸಿಗೆ ಒಮ್ಮೆಲೇ ಪೂರ್ತಿ ಲೋಡ್ ಕೊಡದಿರುವುದು ಅಲ್ಲಿನ ಎಚ್ಚರಿಕೆ.

ಮೂರನೆಯದು ಜಾಯಿಂಟ್. ಎರಡು ಲೋಹಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ.

ಅಲ್ಯೂಮಿನಿಯಂನ ನಿಜವಾದ ದುರ್ಬಲ ಜಾಗ

ಅಲ್ಯೂಮಿನಿಯಂ ಗಾಳಿಗೆ ಒಡ್ಡಿದ ಕ್ಷಣವೇ ಅದರ ಮೇಲೆ ತೆಳುವಾದ ಆಕ್ಸೈಡ್ ಪದರ ಕೂರುತ್ತದೆ. ಈ ಪದರ ಗಟ್ಟಿ, ಮೇಲಾಗಿ ಕರೆಂಟ್ ಹರಿಯಲು ಬಿಡುವುದಿಲ್ಲ. ತಾಮ್ರದ ಮೇಲೆ ಕೂರುವ ಪದರ ಇಷ್ಟು ತೊಂದರೆ ಕೊಡುವುದಿಲ್ಲ. ಅದರ ಜೊತೆಗೆ ಅಲ್ಯೂಮಿನಿಯಂ ಬಿಸಿಗೆ ತಾಮ್ರಕ್ಕಿಂತ ಮೂರನೇ ಒಂದು ಭಾಗದಷ್ಟು ಹೆಚ್ಚು ಹಿಗ್ಗುತ್ತದೆ. ಬೋಲ್ಟ್ ಬಿಗಿದ ಕಡೆ ಮೆತ್ತಗೆ ಸರಿದು ಬಿಗಿ ಕಳೆದುಕೊಳ್ಳುತ್ತದೆ. ತಾಮ್ರ ಅಥವಾ ಹಿತ್ತಾಳೆಗೆ ನೇರ ತಾಗಿ, ಅಲ್ಲಿ ತೇವ ಸೇರಿದರೆ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ.

ಇದರ ಪರಿಣಾಮ ಹಂತಹಂತವಾಗಿ ಬರುತ್ತದೆ. ಜಾಯಿಂಟ್ ಸ್ವಲ್ಪ ಸಡಿಲ ಆಗುತ್ತದೆ. ಪ್ರತಿರೋಧ ಏರುತ್ತದೆ. ಆ ಜಾಗ ಬಿಸಿಯಾಗುತ್ತದೆ. ಬಿಸಿಗೆ ಇನ್ನಷ್ಟು ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಇನ್ನಷ್ಟು ಸಡಿಲ ಆಗುತ್ತದೆ. ಕೊನೆಗೆ ಬುಷಿಂಗ್ (ತಂತಿ ಡಬ್ಬಿಯಿಂದ ಹೊರಬರುವ ಕಡೆಯ ಪಿಂಗಾಣಿ ಕೊಳವೆ) ಸುಡುತ್ತದೆ, ಗ್ಯಾಸ್ಕೆಟ್ ಕರಗಿ ಎಣ್ಣೆ ಸೋರುತ್ತದೆ. ಕಂಬದ ಕೆಳಗೆ ಎಣ್ಣೆಯ ಕಪ್ಪು ಕಲೆ ಕಂಡರೆ ಇಂಥ ಕಥೆ ಆಗಲೇ ಶುರುವಾಗಿರಬಹುದು.

ಇದಕ್ಕೆ ಮದ್ದು ಇದೆ, ಹೊಸದೇನಲ್ಲ. ಕಾರ್ಖಾನೆಯಲ್ಲಿ ಕಾಯಿಲ್ ತುದಿಗಳನ್ನು ಬೆಸುಗೆ ಹಾಕಿ ಕೂಡಿಸುವುದು, ಎರಡು ಲೋಹ ಸೇರುವ ಕಡೆ ಒಂದು ಮುಖ ತಾಮ್ರ, ಇನ್ನೊಂದು ಮುಖ ಅಲ್ಯೂಮಿನಿಯಂ ಇರುವ ಬೈಮೆಟಲ್ ಲಗ್ (ತಂತಿ ತುದಿಗೆ ಹಾಕುವ ಜೋಡಣೆ ತುಂಡು) ಹಾಕುವುದು, ಮೇಲ್ಮೈ ಉಜ್ಜಿ ಗ್ರೀಸ್ ಹಚ್ಚುವುದು, ಸ್ಪ್ರಿಂಗ್ ವಾಷರ್ ಹಾಕಿ ಅಳತೆಗೆ ಬಿಗಿಯುವುದು. ಅಮೆರಿಕ ಸೇರಿದಂತೆ ಅನೇಕ ಕಡೆ ವಿತರಣಾ ಟಿಸಿಗಳ ಎಲ್‌ಟಿ ಕಾಯಿಲನ್ನು ಅಗಲವಾದ ಅಲ್ಯೂಮಿನಿಯಂ ಹಾಳೆಯಿಂದ ಸುತ್ತುವುದು ರೂಢಿಯಾಗಿದೆ. ಹಾಳೆಯ ಸುತ್ತು ಶಾರ್ಟ್ ಸರ್ಕ್ಯೂಟ್ ಹೊಡೆತವನ್ನೂ ಚೆನ್ನಾಗಿ ತಡೆಯುತ್ತದೆ.

ಹಾಗಂತ ತಾಮ್ರದ ಪರ ಇರುವವರ ಮಾತನ್ನು ತಳ್ಳಿಹಾಕುವಂತಿಲ್ಲ. ತಾಮ್ರ ಕೆಟ್ಟ ಕೈಗೆಲಸವನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ಎಣ್ಣೆ ಟಿಸಿಯ ತಾಮ್ರದ ಕಾಯಿಲ್‌ಗೆ ಮಾನಕಗಳು 250 ಡಿಗ್ರಿವರೆಗೆ ಅವಕಾಶ ಕೊಡುತ್ತವೆ, ಅಲ್ಯೂಮಿನಿಯಂಗೆ 200 ಮಾತ್ರ. ನಮ್ಮ ಹೊಲಗಳ ಟಿಸಿಗಳ ಮೇಲೆ ಶಾರ್ಟ್ ಸರ್ಕ್ಯೂಟ್ ಹೊಡೆತ ಕಡಿಮೆ ಏನಿಲ್ಲ. ಜೋತುಬಿದ್ದ ತಂತಿಗಳು ಗಾಳಿಗೆ ತಾಗುತ್ತವೆ, ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಇರುತ್ತದೆ. ಫ್ಯೂಸ್ ಹೋಗಬೇಕಾದ ಕಡೆ ಕಾಯಿಲ್ ಹೋಗುತ್ತದೆ.

ಇಲ್ಲಿ ಲೋಡೂ ಬಿಸಿಲೂ ಒಟ್ಟಿಗೆ

ಚಳಿ ದೇಶಕ್ಕೂ ನಮಗೂ ಇರುವ ದೊಡ್ಡ ವ್ಯತ್ಯಾಸದ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಹಿಮದ ಊರುಗಳಲ್ಲಿ ಕರೆಂಟ್ ಬೇಡಿಕೆ ಅತಿ ಹೆಚ್ಚು ಇರುವುದು ಮನೆ ಬೆಚ್ಚಗಿಡುವ ಚಳಿಗಾಲದಲ್ಲಿ. ಟಿಸಿಗೆ ಅತಿ ಹೆಚ್ಚು ಭಾರ ಬೀಳುವ ರಾತ್ರಿಯೇ ಹೊರಗಿನ ಗಾಳಿ ಅದನ್ನು ಅತಿ ಚೆನ್ನಾಗಿ ತಣಿಸುತ್ತದೆ. ಅಲ್ಲಿ ಸ್ವಲ್ಪ ಓವರ್‌ಲೋಡ್ ಆದರೂ ಕಾಗದ ತಡೆದುಕೊಳ್ಳುತ್ತದೆ.

ನಮ್ಮಲ್ಲಿ ಇದು ಪೂರ್ತಿ ಉಲ್ಟಾ. ಫೆಬ್ರವರಿಯಿಂದ ಮೇವರೆಗೆ ಬೋರ್‌ವೆಲ್ ಪಂಪ್‌ಗಳು ಜಾಸ್ತಿ ಓಡುತ್ತವೆ, ಊರೊಳಗೆ ಫ್ಯಾನ್, ಕೂಲರ್ ಓಡುತ್ತವೆ. ಅದೇ ತಿಂಗಳುಗಳಲ್ಲಿ ಗಾಳಿ ಕಾದಿರುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ಎರಡನೇ ಬೆಳೆಗೆ ನೀರು ಸಿಗದ ವರ್ಷ ಗಂಗಾವತಿ, ಕಾರಟಗಿ, ಸಿರುಗುಪ್ಪ, ಸಿಂಧನೂರು ಭಾಗದಲ್ಲಿ ನೆಲದಡಿಯ ನೀರಿನ ಮೇಲೆ ಭಾರ ಇನ್ನೂ ಹೆಚ್ಚುತ್ತದೆ. ಆ ಭಾರ ಹೊರುವುದು ಟಿಸಿ.

ಲೆಕ್ಕ ನೋಡಿ. 5 ಎಚ್‌ಪಿ ಪಂಪ್ ಒಂದಕ್ಕೆ ಸುಮಾರು 5ರಿಂದ 6 ಕೆವಿಎ ಬೇಕು. ನಾಲ್ಕೈದು ಪಂಪ್‌ಗೆ 25 ಕೆವಿಎ ಟಿಸಿ ಭರ್ತಿ. ನೀರು ಆಳಕ್ಕೆ ಇಳಿದ ಮೇಲೆ 5 ಎಚ್‌ಪಿ ಜಾಗಕ್ಕೆ 7.5 ಬರುತ್ತದೆ, ಲೆಕ್ಕಕ್ಕೆ ಸೇರದ ಒಂದೆರಡು ಪಂಪ್ ಕೂಡಿಕೊಳ್ಳುತ್ತವೆ. ಲೋಡ್ ಒಂದೂವರೆ ಪಟ್ಟಾದರೆ ಕಾಯಿಲ್‌ನ ನಷ್ಟ ಒಂದೂವರೆ ಪಟ್ಟು ಆಗಿ ನಿಲ್ಲುವುದಿಲ್ಲ, 2.25 ಪಟ್ಟಾಗುತ್ತದೆ. ನಷ್ಟ ಕರೆಂಟ್‌ನ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹೊರಗೆ 43 ಡಿಗ್ರಿ ಇರುವ ದಿನ ಇಷ್ಟು ನಷ್ಟ ತಾಸುಗಟ್ಟಲೆ ನಡೆದರೆ ಅತಿ ಬಿಸಿ ಜಾಗ 98 ದಾಟಿ ಎಷ್ಟೋ ಮುಂದೆ ಹೋಗುತ್ತದೆ. ತಾಮ್ರ ಇದ್ದರೂ ಅಷ್ಟೇ, ಅಲ್ಯೂಮಿನಿಯಂ ಇದ್ದರೂ ಅಷ್ಟೇ.

ತ್ರೀಫೇಸ್ ಬಂದ ಕ್ಷಣ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಗಳೆಲ್ಲ ಒಟ್ಟಿಗೆ ಎದ್ದು ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಸಿಂಗಲ್ ಫೇಸ್ ಇರುವ ಹೊತ್ತಿನಲ್ಲಿ ಕಪಾಸಿಟರ್ ಜೋಡಿಸಿ ಮೋಟಾರ್ ಓಡಿಸುವುದರಿಂದ ಭಾರವೆಲ್ಲ ಒಂದೇ ಕಡೆಗೆ ವಾಲುತ್ತದೆ. ರೈತರನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಬೆಳೆ ಒಣಗುವಾಗ ಸಿಕ್ಕ ಕರೆಂಟಿನಲ್ಲಿ ನೀರು ಎತ್ತುವುದು ಅವರಿಗೆ ಉಳಿದ ದಾರಿ. ಆದರೆ ಅದರ ಬೆಲೆಯನ್ನು ಅದೇ ಟಿಸಿಯಡಿ ಇರುವ ಎಲ್ಲರೂ ತೆರುತ್ತಾರೆ.

ಹಗಲು ಕರೆಂಟ್ ತರುವ ಹೊಸ ಲೆಕ್ಕ

ಪಂಪ್‌ಸೆಟ್ ಫೀಡರ್‌ಗಳನ್ನು ಸೋಲಾರ್‌ಗೆ ಜೋಡಿಸುವ ಕುಸುಮ್ ಯೋಜನೆ ಹಗಲಿನಲ್ಲೇ ತ್ರೀಫೇಸ್ ಕೊಡುವ ದಾರಿ ತೆರೆದಿದೆ. ರಾತ್ರಿ ಹಾವು, ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಇದು ಬೇಕಾದ ಬದಲಾವಣೆಯೇ. ಆದರೆ ಟಿಸಿ ಕಡೆಯಿಂದ ನೋಡಿದರೆ ಒಂದು ವಿಷಯ ಮರೆಯಬಾರದು. ರಾತ್ರಿ ಪಾಳಿಯಲ್ಲಿ ಓಡುತ್ತಿದ್ದ ಪಂಪ್‌ಗಳು ತಂಪು ಗಾಳಿಯಲ್ಲಿ ಓಡುತ್ತಿದ್ದವು. ಅದೇ ಲೋಡ್ ಮಧ್ಯಾಹ್ನಕ್ಕೆ ಬಂದರೆ ಗಾಳಿ 12, 15 ಡಿಗ್ರಿ ಜಾಸ್ತಿ ಬಿಸಿ ಇರುತ್ತದೆ. ಡಬ್ಬಿಯ ಮೇಲೆ ನೇರ ಬಿಸಿಲೂ ಬೀಳುತ್ತದೆ. ಪ್ರತಿ 6 ಡಿಗ್ರಿಗೆ ಸವೆತ ಎರಡು ಪಟ್ಟು ಅನ್ನುವ ಲೆಕ್ಕ ಹಾಕಿದರೆ, ಪೂರ್ತಿ ಲೋಡಿನಲ್ಲಿ ಈಗಾಗಲೇ ಅಂಚಿನಲ್ಲಿರುವ ಟಿಸಿ ನಾಲ್ಕು ಪಟ್ಟು ಬೇಗ ಮುಪ್ಪಾಗುತ್ತದೆ.

ಹಗಲು ಕರೆಂಟ್ ಕೊಡುವ ಫೀಡರ್‌ಗಳಲ್ಲಿ ಟಿಸಿ ಸಾಮರ್ಥ್ಯವನ್ನೂ ಮೊದಲೇ ಹೆಚ್ಚಿಸಬೇಕು. 25 ಇದ್ದ ಕಡೆ 63, ಇಲ್ಲವೇ ಪಕ್ಕದಲ್ಲಿ ಇನ್ನೊಂದು 25. ಪಂಪ್‌ಗಳಿಗೆ ಸರಿಯಾದ ಕಪಾಸಿಟರ್ ಹಾಕಿಸುವುದು ಇದಕ್ಕಿಂತ ಅಗ್ಗದ ಕೆಲಸ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.75ರಿಂದ 0.95ಕ್ಕೆ ಏರಿದರೆ ಟಿಸಿಯಲ್ಲಿ ಹರಿಯುವ ಕರೆಂಟ್ ಐದನೇ ಒಂದು ಭಾಗ ಇಳಿಯುತ್ತದೆ, ಕಾಯಿಲ್ ನಷ್ಟ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಇದು ಸಿಂಗಲ್ ಫೇಸ್‌ನಲ್ಲಿ ಓಡಿಸಲು ಜೋಡಿಸುವ ಕಪಾಸಿಟರ್ ಅಲ್ಲ. ಮೋಟಾರಿನ ಮೂರೂ ಫೇಸ್‌ಗೆ ಅಳತೆಗೆ ತಕ್ಕಂತೆ ಹಾಕುವಂಥದ್ದು.

ಲೋಹ ಕೇಳುವ ಬದಲು ಏನು ಕೇಳಬೇಕು

ಐಎಸ್ 1180 ಪ್ರಕಾರ ಟಿಸಿಯ ಒಟ್ಟು ನಷ್ಟ ಅರ್ಧ ಲೋಡಿನಲ್ಲಿ ಇಷ್ಟು, ಪೂರ್ಣ ಲೋಡಿನಲ್ಲಿ ಇಷ್ಟು ಅಂತ ಮಿತಿ ಇದೆ. ಲೋಹ ಯಾವುದೇ ಇರಲಿ, ಮಿತಿ ಒಂದೇ. ಪ್ರಾಮಾಣಿಕವಾಗಿ ಮಾಡಿದ ಅಲ್ಯೂಮಿನಿಯಂ ಟಿಸಿ ಆ ಮಿತಿ ಮುಟ್ಟಲು ದಪ್ಪ ತಂತಿ ಹಾಕಲೇಬೇಕು. ಸಮಸ್ಯೆ ಬರುವುದು ತಂತಿ ತೆಳುವಾದಾಗ.

ಹೊಸ ಟಿಸಿಗಿಂತ ರಿಪೇರಿಯಾಗಿ ಬಂದ ಟಿಸಿಯಲ್ಲಿ ಈ ಅಪಾಯ ಜಾಸ್ತಿ. ಸುಟ್ಟ ಟಿಸಿಯನ್ನು ಬಿಚ್ಚಿ, ಕಾಯಿಲ್ ಬದಲಿಸಿ, ಮತ್ತೆ ಕಂಬಕ್ಕೆ ಏರಿಸುತ್ತಾರೆ. ಬೇಸಿಗೆಯ ಒತ್ತಡದಲ್ಲಿ ಇದು ಬೇಗ ಆಗಬೇಕು. ಟಿಸಿ ಕೆಟ್ಟರೆ ನಗರದಲ್ಲಿ 24 ತಾಸು, ಹಳ್ಳಿಯಲ್ಲಿ 72 ತಾಸಿನೊಳಗೆ ಬದಲಿಸಬೇಕು ಅಂತ ವಿದ್ಯುತ್ ನಿಯಂತ್ರಣ ಆಯೋಗದ ನಿಯಮ ಇದೆ. ಆ ಅವಸರದಲ್ಲಿ ಕಾಯಿಲನ್ನು ಸರಿಯಾಗಿ ಒಣಗಿಸದಿದ್ದರೆ ಕಾಗದದಲ್ಲಿ ತೇವ ಉಳಿಯುತ್ತದೆ. ಹಳೇ ಎಣ್ಣೆ ಸೋಸದೆ ಸುರಿದರೆ ಕೆಸರೂ ಉಳಿಯುತ್ತದೆ. ಒಂದು ಗೇಜ್ ತೆಳು ತಂತಿ ಸುತ್ತಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎರಡನೇ ಸಲ ಸುಟ್ಟಾಗ ಬೈಗುಳ ಲೋಹಕ್ಕೆ ಹೋಗುತ್ತದೆ.

ತೆಳು ತಂತಿಯನ್ನು ಹಿಡಿಯುವ ಪರೀಕ್ಷೆ ಕಷ್ಟದ್ದಲ್ಲ. ಕಾಯಿಲ್‌ನ ಪ್ರತಿರೋಧ ಅಳೆದು, ಎಲ್‌ಟಿ ಕಡೆ ಶಾರ್ಟ್ ಮಾಡಿ ಲೋಡ್ ನಷ್ಟ ಅಳೆದರೆ ಸಂಖ್ಯೆಯೇ ಹೇಳುತ್ತದೆ. ಹೊಸದಿದ್ದಾಗ ಇದ್ದ ನಷ್ಟಕ್ಕಿಂತ ರಿಪೇರಿಯಾದ ಮೇಲೆ ಗಮನಾರ್ಹವಾಗಿ ಜಾಸ್ತಿ ಬಂದರೆ ಆ ಟಿಸಿಯನ್ನು ವಾಪಸ್ ಕಳಿಸಬೇಕು. ಹೊಲದಲ್ಲಿ ನಿಂತ ರೈತನಿಗೆ ಈ ಪರೀಕ್ಷೆ ಮಾಡಲಾಗದು, ಆದರೆ ಪರೀಕ್ಷೆಯ ಚೀಟಿ ತೋರಿಸಿ ಅಂತ ಕೇಳಬಹುದಲ್ವಾ?

ಮುಂದೆ ಏನಾಗಬಹುದು

ತಾಮ್ರ ದುಬಾರಿಯಾಗಿಯೇ ಉಳಿದರೆ ಸಣ್ಣ ಟಿಸಿಗಳಲ್ಲಿ ಅಲ್ಯೂಮಿನಿಯಂ ಇನ್ನೂ ಹೆಚ್ಚುತ್ತದೆ. ಒತ್ತಡಕ್ಕೆ ಮಣಿದು ಎಲ್ಲ ಕಡೆ ತಾಮ್ರ ತರುತ್ತೇವೆ ಅಂತ ಯಾರಾದರೂ ಘೋಷಿಸಿದರೆ ಅದೇ ಹಣದಲ್ಲಿ ಕಡಿಮೆ ಟಿಸಿ ಬರುತ್ತವೆ. ಅಂದರೆ ಒಂದೊಂದು ಟಿಸಿಯ ಮೇಲೆ ಇನ್ನೂ ಹೆಚ್ಚು ಪಂಪ್. ಕಳ್ಳತನದ ಕಾಟ ಬೇರೆ. ಕಾಯಿಲ್ ಬದಲಾಗುತ್ತದೆ, ಸುಡುವುದು ನಿಲ್ಲುವುದಿಲ್ಲ. ಅದೇ ದುಡ್ಡಿನಲ್ಲಿ ಜಾಸ್ತಿ ಸಾಮರ್ಥ್ಯದ ಅಲ್ಯೂಮಿನಿಯಂ ಟಿಸಿ, ಒಳ್ಳೆ ಲಗ್, ಅಳತೆಯ ಫ್ಯೂಸ್ ತಂದರೆ ಈ ಮೂರು ಜಿಲ್ಲೆಗಳಿಗೆ ಲಾಭ ಜಾಸ್ತಿ.

ವಿದ್ಯುತ್ ದರ ಪರಿಷ್ಕರಣೆ ಹೊತ್ತಿನಲ್ಲಿ ನಿಯಂತ್ರಣ ಆಯೋಗ ಈ ಜಿಲ್ಲೆಗಳಿಗೆ ಕರೆಂಟ್ ಕೊಡುವ ಜೆಸ್ಕಾಂ ಕಂಪನಿಯ ವ್ಯಾಪ್ತಿಯಲ್ಲಿ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಟಿಸಿ ವೈಫಲ್ಯದ ಪ್ರಮಾಣ ಅಲ್ಲಿ ಚರ್ಚೆಗೆ ಬರುವ ವಿಷಯ. ರೈತ ಸಂಘಗಳು ಅಲ್ಲಿ ಕೇಳಬೇಕಾದದ್ದು ಒಟ್ಟು ಎಷ್ಟು ಸುಟ್ಟವು ಅನ್ನುವ ಒಂದೇ ಸಂಖ್ಯೆಯನ್ನಲ್ಲ. ಸುಟ್ಟದ್ದರಲ್ಲಿ ಹೊಸವು ಎಷ್ಟು, ರಿಪೇರಿಯಾದವು ಎಷ್ಟು, ಸುಟ್ಟ ದಿನ ಅದರ ಮೇಲೆ ಎಷ್ಟು ಲೋಡ್ ಇತ್ತು, ಒಳಗೆ ಯಾವ ಲೋಹ ಇತ್ತು ಅಂತ ತಾಲ್ಲೂಕುವಾರು ಬಿಡಿಸಿ ಕೊಡಿ ಅಂತ ಕೇಳಬೇಕು. ತಾಮ್ರ ಬೇಕೋ ಅಲ್ಯೂಮಿನಿಯಂ ಬೇಕೋ ಅನ್ನುವುದನ್ನು ಆ ಪಟ್ಟಿ ಇಟ್ಟುಕೊಂಡು ತೀರ್ಮಾನಿಸಬಹುದು.